ಬರ್ತೇನಿ ಎಂದು ಹೋದವರ ಊರಿನಲ್ಲಿ

ನಮ್ಮ ಮೂಲ್ಕಿಯ ನೆರೆಮನೆಯವರೆಲ್ಲ ದುಬೈ, ಮಸ್ಕತ್ ಎಂದು ಹೋಗಿ ಬಂದು, ಅಲ್ಲಿಯ ಕಟ್ಟಡಗಳ ಎತ್ತರ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದಾರೆ. ನಾನು ಹೋದ ಪರದೇಶ ಒಂದೇ, ಬಾಗಲಕೋಟೆ. ನಗಬೇಡಿ. ಪಾಸ್‌ಪೋರ್ಟು ಕೇಳುವವರಿಲ್ಲ ಎಂಬುದೊಂದು ಬಿಟ್ಟರೆ ಪರದೇಶಕ್ಕೆ ಬೇಕಾದದ್ದೆಲ್ಲ ಅಲ್ಲಿ ಇತ್ತು. ಅರ್ಥವಾಗದ ಮಾತು, ಅಗಿಯಲಾಗದ ಊಟ, ಬೆವರೂ ಬರಿಸದೆ ಸುಡುವ ಬಿಸಿಲು. ಮಾತು ಅರ್ಥವಾಗಲಿಲ್ಲ ಎನ್ನಲು ನನಗೆ ಸ್ವಲ್ಪ ನಾಚಿಕೆ. ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡವನ್ನೇ ಕಲಿಸಿ ನಿವೃತ್ತಳಾದವಳು.

ಹೋದದ್ದು ಗುಹೆ, ದೇವಸ್ಥಾನ ನೋಡಲಿಕ್ಕಲ್ಲ. ಮಲಪ್ರಭೆಗೆ ನೆರೆ ಬಂದು ಇಳಿದ ಮೇಲೆ, ನಮ್ಮಂಥ ನಿವೃತ್ತರ ಗುಂಪೊಂದು ಕಂಬಳಿ, ಪಾತ್ರೆ ತುಂಬಿಕೊಂಡು ಆ ಕಡೆ ಹೊರಟಿತ್ತು. ಗಟ್ಟಿ ಇದ್ದವರಿಗೆ ಹೊರೆ ಹೊರುವ ಕೆಲಸ. ಮೊಣಕಾಲು ನೋವಿನ ನನಗೆ ಕೊಟ್ಟದ್ದು ಕೇಳುವ ಕೆಲಸ. ಮನೆ ಕಳಕೊಂಡವರು, ಮನುಷ್ಯರನ್ನು ಕಳಕೊಂಡವರು ಹೇಳಿದ್ದನ್ನು ಕೂತು ಕೇಳಬೇಕು, ಅಷ್ಟೇ. "ಇದೆಂತ ಕೆಲಸ ಮಾರಾಯ್ರೆ, ಕಿವಿ ಎಲ್ಲರಿಗೂ ಉಂಟು" ಎಂದೆ. ಅದಕ್ಕೂ ಮಂಗಳೂರಿನಲ್ಲಿ ತರಬೇತಿ ಆಯಿತು. ನಡುವೆ ಬಾಯಿ ಹಾಕಬೇಡಿ, ಬುದ್ಧಿ ಹೇಳಬೇಡಿ, ಅವರೆದುರು ಅಳಬೇಡಿ. ಏಳುವಾಗ ಹಾಗೇ ಎದ್ದು ಬರಬೇಡಿ, "ಮತ್ತೆ ಬರುತ್ತೇನೆ" ಎಂದು ಹೇಳಿ ಬನ್ನಿ, ಇಲ್ಲವಾದರೆ ಅವರಿಗೆ ಕೈಬಿಟ್ಟಂತೆ ಅನಿಸುತ್ತದೆ. ಕಲಿಸಿದ ಹುಡುಗಿ ಒಳ್ಳೆಯವಳು, ಪಾಪ. ನಾನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ.

ಬಾಗಲಕೋಟೆ

ನಮ್ಮನ್ನು ಎದುರುಗೊಳ್ಳಲು ಬಂದವಳು ರೇಣವ್ವ. ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು, ನಮ್ಮ ಗುಂಪಿಗೆ ಅಲ್ಲಿಯ ಕೈ, ಕಾಲು, ಬಾಯಿ ಎಲ್ಲ ಅವಳೇ. ನೋಡಿದ ಕೂಡಲೇ "ಆರಾಮ್ರೀ ಅಕ್ಕಾರ?" ಅಂದಳು.

"ಪ್ರಯಾಣದಲ್ಲಿ ಸ್ವಲ್ಪ ಆಯಾಸವಾಯಿತು. ಬೇರೇನೂ ತೊಂದರೆಯಿಲ್ಲ" ಎಂದೆ.

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಯವ್ವಾ! ರೇಡಿಯೋದಾಗ ವಾರ್ತೆ ಓದಿದಂಗ ಮಾತಾಡ್ತೀರಲ್ರೀ!"

ಎಂತ ಮಾಡುವುದು? ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ನಡುವಿನ ಆಡುಮಾತು ನಮಗೆ ದಕ್ಕಲೇ ಇಲ್ಲ. ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ಹಪ್ಪಳದಂಥ ಒಣ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹಸಿ ಈರುಳ್ಳಿ. ಕುಚ್ಚಲಕ್ಕಿ ಗಂಜಿಗೆ ಒಗ್ಗಿದ ನನ್ನ ಬಾಯಿ ಮೊದಲ ತುತ್ತಿಗೇ ಕಟ್ಟಿಸಿಕೊಂಡ ಒಂದು ಹಲ್ಲನ್ನು ತಟ್ಟೆಗೆ ಉದುರಿಸಿತು. ರೇಣವ್ವ ಅದನ್ನು ತೊಳೆದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಮುರದು ಪಲ್ಯಾದಾಗ ನೆನಸ್ರಿ ಅಕ್ಕಾರ, ಕುಸ್ತಿ ಹಿಡೀಬ್ಯಾಡ್ರಿ" ಅಂದಳು. ಆಮೇಲೆ ಆ ಪ್ರವಾಸ ಮುಗಿಯುವವರೆಗೂ ನಾನು ಬಾಯಿ ಮುಚ್ಚಿಯೇ ನಕ್ಕದ್ದು.

ಸಂಜೆ ನಮ್ಮನ್ನು ನೀರಿನ ದಂಡೆಗೆ ಕರೆದುಕೊಂಡು ಹೋದಳು. ಅಣೆಕಟ್ಟಿನ ಹಿನ್ನೀರು, ಕಣ್ಣು ಹಾಯುವಷ್ಟು ದೂರ. ಕಡಲು ಕಂಡವಳಿಗೆ ನೀರು ಹೊಸತಲ್ಲ. ಆದರೆ ಈ ನೀರಿಗೆ ಅಲೆ ಇಲ್ಲ, ಉಪ್ಪಿನ ವಾಸನೆ ಇಲ್ಲ, ಸದ್ದೇ ಇಲ್ಲ. ರೇಣವ್ವ ಕೈ ಚಾಚಿ, "ಅಲ್ನೋಡ್ರಿ, ನಮ್ಮ ಮನಿ ಅಲ್ಲೈತಿ" ಅಂದಳು.

"ಎಲ್ಲಿ?"

"ಅಲ್ಲೇ, ನೀರಾಗ. ಪಡಸಾಲಿ ಭಾಳ ದೊಡ್ಡದೈತ್ರಿ. ಹಿತ್ತಲದಾಗ ಬೇವಿನ ಗಿಡ ಐತಿ. ನಾ ಮದುವ್ಯಾಗಿ ಬಂದಾಗ ಅದರ ಬುಡಕ್ಕ ಕುಂದ್ರಿಸಿ ಆರತಿ ಮಾಡಿದ್ರು."

ಹಳೇ ಊರಿನ ಒಂದು ಭಾಗ ಮುಳುಗಿ, ಇವರೆಲ್ಲ ನವನಗರಕ್ಕೆ ಬಂದು, ನಂಬರು ಹಚ್ಚಿದ ಸೆಕ್ಟರುಗಳಲ್ಲಿ ಮನೆ ಮಾಡಿ, ಕಾಲವೇ ಆಗಿಹೋಗಿದೆ. ಆದರೂ ಪಡಸಾಲೆ "ಐತಿ", ಬೇವಿನ ಗಿಡ "ಐತಿ". ನಾನು ವ್ಯಾಕರಣದ ಟೀಚರು ನೋಡಿ, ಸುಮ್ಮನಿರಲಾಗಲಿಲ್ಲ. ಈ ಸೀಮೆಯಲ್ಲಿ ಕಳೆದುಹೋದದ್ದಕ್ಕೂ ವರ್ತಮಾನ ಕಾಲವನ್ನೇ ಬಳಸುತ್ತಾರೆ ಎಂದು ಮನಸ್ಸಿನಲ್ಲೇ ಒಂದು ಸೂತ್ರ ಮಾಡಿಟ್ಟುಕೊಂಡೆ. ಸೂತ್ರ ಸಿಕ್ಕಿದ ಖುಷಿಯಲ್ಲಿ ಅವಳ ಮುಖ ನೋಡುವುದು ಮರೆತುಹೋಯಿತು.

ಬಾದಾಮಿ

ಕೆರೂರಿನಲ್ಲಿ ಚಹಾಕ್ಕೆ ನಿಂತೆವು. ಅಂದು ಸಂತೆ. ಬಿಸಿ ಮಿರ್ಚಿ ಭಜಿ, ಚುರುಮುರಿ. ಮಿರ್ಚಿ ಎಂದರೆ ಒಳಗೆ ಇಡೀ ಮೆಣಸಿನಕಾಯಿ ಇರುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ಕಣ್ಣಲ್ಲಿ ನೀರು ಸುರಿಸಿಕೊಂಡು ಗಾಡಿ ಹತ್ತಿದವಳನ್ನು ಕಂಡು ಡ್ರೈವರ್, "ಈಗಿಂದನ ಅಳಾಕ ಹತ್ತಿದ್ರೇನ್ರಿ ಅಕ್ಕಾರ, ಇನ್ನೂ ಊರ ಬಂದಿಲ್ಲ" ಅಂದ. ಬಾದಾಮಿಯಲ್ಲಿ ನಾವು ಹಿಟ್ಟು, ಬೇಳೆ ಕೊಳ್ಳುವಷ್ಟರಲ್ಲಿ ಮಂಗಗಳು ಗಾಡಿ ಹೊಕ್ಕು ನೆರೆಸಂತ್ರಸ್ತರ ಬಿಸ್ಕತ್ತನ್ನು ಹಂಚಿಕೊಂಡಿದ್ದವು. ಒಂದು ಕೋತಿಯಂತೂ ಕೆಂಪು ಬಂಡೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಾ ತಿಂದಿತು. ನಗು ಬಂದದ್ದು ಅದೇ ಕಡೆಯ ಸಲ.

ಶಿವಯೋಗ ಮಂದಿರದಿಂದ ಸ್ವಲ್ಪ ಕೆಳಗೆ, ಹೊಳೆಯ ದಂಡೆಯ ಊರು. ನಮ್ಮ ಕಡೆ ನೆರೆ ಬರುತ್ತದೆ. ಇಲ್ಲಿ ಹಾಗೆ ಹೇಳುವುದಿಲ್ಲ. "ಹೊಳಿ ಬಂತ್ರಿ" ಅನ್ನುತ್ತಾರೆ. ಹೊಳೆಯೇ ಎದ್ದು ಮನೆಗೆ ಬಂದ ಹಾಗೆ, ನೆಂಟರು ಬಂದ ಹಾಗೆ. ಬಂದ ಹೊಳೆ ಒಲೆಯಲ್ಲಿ ಕೆಸರು ತುಂಬಿ ಹೋಗಿತ್ತು. ಗೋಡೆಗಳ ಮೇಲೆ ಆಳೆತ್ತರಕ್ಕೆ ನೀರಿನ ಗೆರೆ. ಜೋಳದ ಚೀಲಗಳು ಮೊಳಕೆ ಬಂದು ಹುಳಿ ವಾಸನೆ.

ನಾನು ಕೇಳಲು ಕೂತೆ. ಯಾರೂ ಏನೂ ಹೇಳಲಿಲ್ಲ. "ಹೇಗಿದ್ದೀರಿ?" ಎಂದರೆ ಎಲ್ಲರದೂ ಒಂದೇ ಉತ್ತರ, "ಆರಾಮ ಅದೀವ್ರಿ". ಹಿಂದಿನ ಗೋಡೆಯೇ ಇಲ್ಲದ ಮನೆಯಲ್ಲಿ ಕೂತು ಒಬ್ಬ ಹೆಂಗಸು ನನಗೆ ಮಜ್ಜಿಗೆ ಕೊಟ್ಟು, "ನಮ್ಮದೇನ್ರಿ, ಗ್ವಾಡಿ ಕಟ್ಟಿಸಿದ್ರ ಮುಗೀತು. ಸೀರಿ ಈರಣ್ಣನ ಮನ್ಯಾಗಿನವರದು ನೋಡ್ರಿ ತ್ರಾಸು" ಅಂದಳು. ಇವರ ದುಃಖವೂ ಹಾಗೇ. ತಮ್ಮದನ್ನು ಕೇಳಿದರೆ ಪಕ್ಕದವರ ಕಡೆ ಬೊಟ್ಟು ಮಾಡುತ್ತದೆ.

ಸೀರಿ ಈರಣ್ಣ ಇಳಕಲ್‌ನವನು. ಸೀರೆಯ ಗಂಟು ಕಟ್ಟಿಕೊಂಡು ಬೈಕಿನಲ್ಲಿ ಊರೂರು ತಿರುಗಿ ಮಾರುವವನು. ಈ ಊರಿನ ಹೆಂಗಸರು ಉಡುವ ಸೀರೆ, ಹೆಣ್ಣುಮಕ್ಕಳ ಉಡಿ ತುಂಬುವ ಸೀರೆ, ಎಲ್ಲ ಅವನ ಗಂಟಿನವೇ. ಹೊಳೆ ಬಂದ ದಿನ ಸಣ್ಣ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ದಾಟಬೇಡ, ಇಲ್ಲೇ ಉಳಿ ಎಂದು ಇವರೆಲ್ಲ ಹೇಳಿದರಂತೆ.

"ಕೇಳಲಿಲ್ರಿ. ಮನ್ಯಾಗ ಇವತ್ತ ಬರ್ತೇನಿ ಅಂದು ಬಂದೇನಿ ಯವ್ವಾ, ಹಾದಿ ನೋಡ್ತಾಳ ಅಂದ. ಹೊಂಟ. ನಮ್ಮ ಕಣ್ಣ ಮುಂದ..." ಅವಳು ಮಜ್ಜಿಗೆಯ ಲೋಟ ತೆಗೆದುಕೊಂಡು ಒಳಗೆ ಹೋದಳು.

ಬೈಕು ಸಿಕ್ಕಿತು. ಈರಣ್ಣ ಸಿಗಲಿಲ್ಲ. ನೀರು ಇಳಿದ ಮೇಲೆ ದಂಡೆಯ ಜಾಲಿ ಗಿಡಗಳಲ್ಲಿ ಅವನ ಸೀರೆಗಳು ಸಿಕ್ಕಿಕೊಂಡಿದ್ದವು. ಮುಳ್ಳಿಗೆ ಹರಿದು ಚಿಂದಿಯಾದವೇ ಹೆಚ್ಚು. ಒಂದು ಮಾತ್ರ ಹೇಗೋ ಉಳಿದಿತ್ತು. ಕರಿಯ ಒಡಲು, ಕೆಂಪು ಸೆರಗು. ಅದನ್ನು ಇವರು ಬಿಡಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಿಚಿ ಇಟ್ಟಿದ್ದರು. ಉಡಲು ಒಂದು ನೆಟ್ಟಗಿನ ಬಟ್ಟೆ ಇಲ್ಲದ ಊರು ಅದು. ಆದರೂ ಯಾರೂ ಉಡಲಿಲ್ಲ.

"ನೀವು ಇಳಕಲ್ಲಿಗೆ ಹೊಂಟೀರಂತ. ಆಕಿ ಕೈಯಾಗ ಕೊಡ್ರಿ ಅಕ್ಕಾರ. ನಮಗ ಮಾರಿ ತೋರಿಸೂ ಧೈರ್ಯ ಇಲ್ಲ" ಎಂದು ಸೀರೆ ನನ್ನ ಮಡಿಲಲ್ಲಿಟ್ಟಳು. ಎಷ್ಟು ತೊಳೆದರೂ ಹೊಳೆಯ ಕೆಸರಿನ ವಾಸನೆ ಅದರಲ್ಲಿ ಉಳಿದಿತ್ತು.

ಹುನಗುಂದ

ಹುನಗುಂದದ ಹತ್ತಿರ ಒಂದು ಮನೆಗೆ ರೇಣವ್ವ ಕರೆದುಕೊಂಡು ಹೋದಳು. ಮಳೆಗೆ ನೆನೆದ ಮಣ್ಣಿನ ಗೋಡೆ ಮಲಗಿದ್ದವರ ಮೇಲೆ ಬಿದ್ದು ಮನೆಯ ಅಜ್ಜಿ ತೀರಿಕೊಂಡಿದ್ದರು. ಅಜ್ಜ ಉಳಿದಿದ್ದರು. ಅವರ ಹೆಸರು ಸಂಗಪ್ಪ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೆ ಬಿಳಿ ರುಮಾಲು. ಇಲ್ಲಿ ಸಾವಿನ ಮನೆಗೆ ಹೋಗುವುದಕ್ಕೆ "ಮಾತಾಡ್ಸಾಕ ಹೋಗೂದು" ಅನ್ನುತ್ತಾರೆ. ಹೆಸರೇನೋ ಮಾತಿನದು, ಆದರೆ ಒಳಗೆ ಮಾತೇ ಇಲ್ಲ. ಬಂದ ಹೆಂಗಸರು ಬಾಗಿಲಲ್ಲೇ ದನಿ ತೆಗೆದು, ಹೋದವರನ್ನು ಹೆಸರು ಹಿಡಿದು ಕರೆದು, ಹಾಡಿನ ಹಾಗೆ ಎಳೆದೆಳೆದು ಅಳುತ್ತಾರೆ. ಹಾಡ್ಯಾಡಿ ಅಳುವುದು ಎಂದು ಅದರ ಹೆಸರು. ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು. ನಮ್ಮೂರಿನ ಸಾವಿನ ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಹೊರಡುವ ಹೊತ್ತು ಕೇಳಿಕೊಳ್ಳುವುದು ನೆನಪಾಗಿ ನನಗೆ ಯಾಕೋ ಹೊಟ್ಟೆಕಿಚ್ಚಾಯಿತು.

ಸಂಗಪ್ಪಜ್ಜ ಒಂದೇ ಮಾತು ಹೇಳಿದರು. "ಆಕಿ ಗ್ವಾಡಿ ಕಡೆ ಮಲಗ್ತಿದ್ದಿಲ್ಲರಿ. ನನಗ ಗ್ವಾಡಿ ಥಂಡಿ ಹತ್ತಬಾರದಂತ ಅವತ್ತ ಜಾಗಾ ಬದಲ ಮಾಡಿದ್ಲು." ಹೇಳಿ ಅಂಗೈ ನೋಡುತ್ತಾ ಕೂತರು. ನಾನು ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ, ಅಳಲಿಲ್ಲ. ಎದ್ದು ಕೈಮುಗಿದು, ಕಲಿಸಿಕೊಟ್ಟ ಹಾಗೆ ಸ್ಪಷ್ಟವಾಗಿ ಹೇಳಿದೆ. "ಬರುತ್ತೇನೆ ಅಜ್ಜ. ಖಂಡಿತ ಮತ್ತೆ ಬರುತ್ತೇನೆ."

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ರೇಣವ್ವ ನನ್ನ ತೋಳು ಚಿವುಟಿದಳು. ಅಜ್ಜ ಮಾತ್ರ ತಲೆಯೆತ್ತಿ, ಎಳೆಯ ಮಗುವಿಗೆ ಹೇಳುವ ಹಾಗೆ ಹೇಳಿದರು. "ಬ್ಯಾಡ ತಂಗಿ. ಇಂಥಾ ಕೆಲಸಕ್ಕ ನೀವು ಮತ್ತ ಬರಬೇಕಂದ್ರ ಈ ಮನ್ಯಾಗ ಮತ್ತೊಬ್ರು ಹೋಗಬೇಕಾಗ್ತೈತಿ. ಪಾಳಿ ನಂದ ಐತಿ, ಖರೆ. ಆದ್ರ ಇಷ್ಟ ಲಗೂ ಬ್ಯಾಡ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹೊರಗೆ ಬಂದ ಮೇಲೆ ರೇಣವ್ವನ ಮಂಗಳಾರತಿ. "ಸತ್ತ ಮನ್ಯಾಗ ಯಾರರ ಬರ್ತೇನಿ ಅಂತಾರೇನ್ರಿ? ಏನೂ ಅನ್ನದ ಎದ್ದು ಬರಬೇಕು, ಹಿಂದ ತಿರುಗಿ ನೋಡಬಾರದು. ನಿಮ್ಮ ಕಡೆ ಇಲ್ಲೇನು ಇದು?"

ಉಂಟು. ನಮ್ಮ ಕಡೆಯೂ ಇದೇ ಪದ್ಧತಿ. ಮಾಮೂಲಿ ದಿನ ಯಾರ ಮನೆಯಿಂದ ಹೊರಟರೂ "ಹೋಗುತ್ತೇನೆ" ಎನ್ನಬಾರದು, "ಬರುತ್ತೇನೆ" ಎನ್ನಬೇಕು. ಸಾವಿನ ಮನೆಯಲ್ಲಿ ಮಾತ್ರ ಅದನ್ನೂ ಎನ್ನಬಾರದು. ನನಗೆ ಹುಟ್ಟಿನಿಂದ ಗೊತ್ತು. ತರಬೇತಿಯ ಪಾಠ ತಲೆಗೆ ಹೊಕ್ಕು, ಗೊತ್ತಿದ್ದದ್ದನ್ನು ಹೊರಗೆ ಹಾಕಿತ್ತು. ಇನ್ನು ಜೀವ ಹೋದರೂ ಈ ತಪ್ಪು ಮಾಡುವುದಿಲ್ಲ ಎಂದು ರೇಣವ್ವನಿಗೆ ಮಾತು ಕೊಟ್ಟೆ. ಆ ಮಾತನ್ನು ಮಾರನೆಯ ದಿನ ಅಚ್ಚುಕಟ್ಟಾಗಿ ಉಳಿಸಿಕೊಂಡೆ.

ಇಳಕಲ್

ಕೆಂಪು ಕಲ್ಲಿನ ಊರು. ಹೊಸ್ತಿಲು, ಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಲ್ಲ ಕೆಂಪು. ಓಣಿಯೊಳಗೆ ಹೊಕ್ಕರೆ ಮನೆಮನೆಯಿಂದ ಮಗ್ಗದ ಸದ್ದು. ಕಂಬಳಿ ಇಳಿಸುವ ಲೆಕ್ಕಾಚಾರದಲ್ಲಿ ರೇಣವ್ವ ಗಾಡಿಯ ಹತ್ತಿರ ಉಳಿದಳು. ಓಣಿಯ ಬಾಯಿಯಲ್ಲಿ ನಿಂತು ಈರಣ್ಣನ ಮನೆ ತೋರಿಸಿ, "ಸೀರಿ ಕೊಟ್ಟು, ಹೇಳಿದ್ದು ಕೇಳಿ ಬರ್ರಿ. ನಿನ್ನಿಯಂಗ ಮಾಡಬ್ಯಾಡ್ರಿ ಮತ್ತ" ಎಂದು ಎಚ್ಚರಿಸಿದಳು. ನಾನು ಒಬ್ಬಳೇ ಹೋದೆ.

ಈರಣ್ಣನ ಹೆಂಡತಿ ಶಾಂತವ್ವ ಬಾಗಿಲಲ್ಲೇ ಇದ್ದಳು. ಗಟ್ಟಿಮುಟ್ಟಾದ ಹೆಂಗಸು. ಹಣೆಯ ತುಂಬ ಕುಂಕುಮ, ಮುಂಗೈ ತುಂಬ ಹಸಿರು ಬಳೆ, ತಲೆಯಲ್ಲಿ ಒಂದು ಸಣ್ಣ ಹೂವು. ನೋಡಿ ನನಗೆ ಮೆಚ್ಚುಗೆಯಾಯಿತು. ಕಾಲ ಬದಲಾಗಿದೆ, ಗಂಡ ಹೋದ ಮಾತ್ರಕ್ಕೆ ಕುಂಕುಮ ಯಾಕೆ ಅಳಿಸಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ. ನಾನು ಎಷ್ಟು ಮುಂದುವರಿದವಳು ನೋಡಿ!

ಒಳಗೆ ಮೂಲೆಯಲ್ಲಿ ಈರಣ್ಣನ ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಎಲುಬಿನ ಹಂದರ, ಅದರ ಮೇಲೆ ಒಂದು ಹಳೆಯ ಸೀರೆ. ತಿರುಗಿ ನೋಡಲಿಲ್ಲ. "ನಮ್ಮ ಅತ್ತಿ. ಮಾತು ಬಿಟ್ಟಾರ್ರಿ" ಎಂದು ಶಾಂತವ್ವ ಹೇಳಿ ಚಹಾ ಇಟ್ಟಳು.

ಚೀಲದಿಂದ ಸೀರೆ ತೆಗೆದು ಕೊಟ್ಟೆ. ಅವಳು ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. "ನಮ್ಮದ ಇದು. ಈ ಸೆರಗು ಒಡಲಿಗೆ ನಾನ ಜೋಡಿಸೀನಿ" ಅಂದಳು. ದನಿಯಲ್ಲಿ ನಡುಕವೇ ಇಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಜಾಲಿ ಗಿಡದ ಸಂಗತಿ ಹೇಳಿದೆ. ಗಂಡ ಸೇತುವೆಯ ಹತ್ತಿರ ಆಡಿದ ಮಾತನ್ನೂ ಹೇಳಿದೆ. ಕಡೆಯ ಮಾತು ಹೆಂಡತಿಗೆ ಮುಟ್ಟಬೇಕಲ್ಲ. ಇವತ್ತ ಬರ್ತೇನಿ ಅಂದು ಬಂದೇನಿ, ಹಾದಿ ನೋಡ್ತಾಳ.

ಅವಳ ಮುಖ ಅರಳಿತು. ನಾನು ಸುಳ್ಳು ಹೇಳುವುದಿಲ್ಲ, ಅರಳಿತು. "ಹೌದ್ರಿ, ಅವರು ಹಂಗ. ಮಾತು ಕಡಿಮಿ ಆಡ್ತಾರ, ಆಡಿದ್ರ ತಪ್ಪೂದಿಲ್ಲ. ಸಕ್ರಿ ಇಲ್ಲದ ಚಾ ಕುಡೀತಾರ. ಸೀರಿ ಗಂಟು ಜೀವ ಅವರಿಗೆ. ಅದನ್ನ ಬಿಟ್ಟಾರಂದ್ರ ಈಸಾಕ ಅನುಕೂಲ ಆಗ್ಲಿ ಅಂತ ಬಿಟ್ಟಾರ."

ಆಡ್ತಾರ, ಕುಡೀತಾರ. ನನ್ನ ಸೂತ್ರ ನೆನಪಾಯಿತು. ಬಾಗಲಕೋಟೆಯ ನೀರಿನೊಳಗಿನ ಬೇವಿನ ಗಿಡದ ಹಾಗೆ, ಇದೂ ಈ ಕಡೆಯ ವರ್ತಮಾನ ಕಾಲ ಎಂದುಕೊಂಡು ತಲೆಯಾಡಿಸಿದೆ. ಅವಳು ನನಗೆ ಚಹಾ ಕೊಟ್ಟಳು, ಅತ್ತೆಗೆ ಕೊಟ್ಟಳು, ತಾನು ತೆಗೆದುಕೊಂಡಳು. ಇನ್ನೊಂದು ಬಟ್ಟಲು ಒಲೆಯ ಪಕ್ಕ ಮುಚ್ಚಿಟ್ಟಳು. ಅದನ್ನೂ ನೋಡಿದೆ. ಯಾರೋ ಬರುವವರಿದ್ದಾರೆ ಎಂದುಕೊಂಡೆ.

ಎದ್ದೆ. ಕೈಮುಗಿಯಲಿಲ್ಲ. ರೇಣವ್ವನಿಗೆ ಕೊಟ್ಟ ಮಾತಿನಂತೆ ಏನೂ ಅನ್ನದೆ, ತಲೆ ತಗ್ಗಿಸಿ, ಬಾಗಿಲ ಕಡೆ ನಡೆದೆ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದೆ. ಹಿಂದಕ್ಕೆ ತಿರುಗಿ ನೋಡಲಿಲ್ಲ. ಒಂದೂ ತಪ್ಪಿಲ್ಲ.

"ಅಕ್ಕಾರ, ಹಂಗ ಹೊಂಟ್ರಿ?"

ಆ ದನಿಗೆ ನಿಂತೆ.

"ಬರ್ತೇನಿ ಅನ್ನಲಿಲ್ಲ?"

ಶಾಂತವ್ವ ಹೊಸ್ತಿಲ ಆ ಕಡೆ ನಿಂತಿದ್ದಳು. ಚಹಾದ ಬಟ್ಟಲು ಇನ್ನೂ ಕೈಯಲ್ಲಿತ್ತು. "ಇಲ್ಲಿಗೆ ಬಂದವರೆಲ್ಲಾ ಬರ್ತೇನಿ ಅಂದ ಹೋಗ್ತಾರ್ರಿ. ಓಣಿಯವರು, ಬೀಗರು, ಎಲ್ಲಾರೂ. ಇದೇನು ಸತ್ತ ಮನಿ ಅಲ್ಲಲ್ಲ. ನೀವು ಯಾಕ ಅನವಲ್ರಿ? ಅನ್ರಿ. ಬರ್ತೇನಿ ಅಂದು ಹೋಗ್ರಿ."

ಆಗ ಎಲ್ಲ ಒಟ್ಟಿಗೆ ಕಣ್ಣಿಗೆ ಕಂಡಿತು. ಕುಂಕುಮ, ಬಳೆ, ಹೂವು, ಮುಚ್ಚಿಟ್ಟ ಬಟ್ಟಲು. ಅವಳ ವರ್ತಮಾನ ಕಾಲ ಖರೆ ವರ್ತಮಾನ ಕಾಲ. ಹೆಣ ಸಿಗದ ಮನೆ ಇದು. ಸಾವಿನ ಮನೆ ಎಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹೇಳಿಬಿಟ್ಟಿದ್ದೆ.

ನಮ್ಮ ದೊಡ್ಡಪ್ಪ ದೋಣಿಯಲ್ಲಿ ಹೋದವರು ಬರಲಿಲ್ಲ. ಕಡಲಿಗೆ ಹೋದವರಿಗಾಗಿ ಎಷ್ಟು ಕಾಲ ಕಾಯಬೇಕು ಎಂದು ಯಾವ ಪಂಚಾಂಗದಲ್ಲೂ ಇಲ್ಲ. ದೊಡ್ಡಮ್ಮ ಊಟದ ಹೊತ್ತಿಗೆ ಅವರ ಬಟ್ಟಲು ಇಡುತ್ತಿದ್ದರು. ನಾವು ಮಕ್ಕಳು ಅದನ್ನು ದಾಟದೆ ಸುತ್ತು ಹಾಕಿ ನಡೆಯುತ್ತಿದ್ದೆವು. ಅಂಥ ಮನೆಯಲ್ಲಿ ಆಡಿ ಬೆಳೆದವಳು ನಾನು. ನನಗೇ ಇದು ಕಾಣಿಸಲಿಲ್ಲವಲ್ಲ.

ಒಂದು ಮಾತು, ಅದರಿಂದ ಇವಳ ಜೀವ ಉಳಿಯುತ್ತದೆ, ಹೇಳಿದರೆ ನನ್ನ ಗಂಟೇನು ಹೋಗುತ್ತದೆ? ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ದನಿ.

"ಅನಬ್ಯಾಡ್ರಿ ಅಕ್ಕಾರ."

ಮೂಲೆಯ ಅಜ್ಜಿ ತಿರುಗಿದ್ದರು. ಮುಖದಲ್ಲಿ ಒಂದು ಹನಿ ನೀರಿಲ್ಲ. ಒಣಗಿದ ಕಣ್ಣು.

"ನಿಮ್ಮ ಕಾಲಿಗೆ ಬೀಳ್ತೇನಿ, ಅನಬ್ಯಾಡ್ರಿ. ಎಲ್ಲಾರೂ ಬಂದು ಬರ್ತೇನಿ, ಬರ್ತೇನಿ ಅಂದು ಹೋಗ್ತಾರ. ನನ್ನ ಕೂಸು ಹೋಗೇತಿ. ನನಗ ಗೊತ್ತೈತಿ. ಹೆತ್ತ ಹೊಟ್ಟಿಗೆ ಗೊತ್ತಾಗ್ತೈತಿ. ಈಕಿ ನನಗ ಅಳಾಕ ಬಿಡವಲ್ಲಳು. ಅತ್ತರ ಅಪಶಕುನ ಅಂತಾಳ. ನಾ ನನ್ನ ಮಗನ್ನ ಅಳಬೇಕ್ರಿ. ಅಳದನ ಸತ್ತರ ಅಂವಗ ನಾ ಹೆಂಗ ಮಾರಿ ತೋರಿಸಲಿ?"

"ಅತ್ತೀ, ಸುಮ್ನಿರ್ರಿ! ಬರ್ತಾರ ಅವರು!" ಶಾಂತವ್ವ ಚೀರಿದಳು. ಬಟ್ಟಲು ಕೈಯಿಂದ ಬಿದ್ದು ಕಲ್ಲಿನ ಮೇಲೆ ಉರುಳಿತು.

ಒಬ್ಬಳಿಗೆ ಆ ಮಾತು ಬೇಕು, ಒಬ್ಬಳಿಗೆ ಬೇಡ. ನಾನು ಹೇಳಿದರೆ ತಾಯಿಯ ಅಳು ಗಂಟಲಲ್ಲೇ ಉಳಿಯುತ್ತದೆ. ಹೇಳದಿದ್ದರೆ ಶಾಂತವ್ವನ ಗಂಡನನ್ನು ನಾನೇ ಕೊಂದ ಹಾಗೆ. ಮಂಗಳೂರಿನ ಹುಡುಗಿ ಇದಕ್ಕೆ ಏನೂ ಕಲಿಸಿರಲಿಲ್ಲ. ಕಡೆಗೆ ತೋಚಿದ್ದು ಒಂದೇ. ಚಪ್ಪಲಿ ಬಿಟ್ಟು ಒಳಗೆ ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಹೊರಡದವಳು ಏನನ್ನೂ ಹೇಳಬೇಕಾಗಿಲ್ಲವಲ್ಲ.

ಅಜ್ಜಿ ನನ್ನ ಹೆಗಲಿಗೆ ತಲೆ ಇಟ್ಟರು. ಮೊದಲು ಉಸಿರು ಮಾತ್ರ ಬಂತು. ಆಮೇಲೆ ಎಲ್ಲಿಂದಲೋ ಒಂದು ದನಿ, ಆ ಒಣ ಮೈಯಲ್ಲಿ ಅಷ್ಟು ದನಿ ಇತ್ತೆಂದು ಯಾರೂ ನಂಬಲಿಕ್ಕಿಲ್ಲ. "ಬರ್ತೇನಿ ಅಂದ್ಯಲ್ಲೋ ನನ್ನಪ್ಪಾ... ಬಾಗಲಾ ತೆರದ ಕುಂತೀನಲ್ಲೋ ನನ್ನ ಕಂದಾ... ನಿನ್ನ ಸೀರಿ ಬಂತಲ್ಲೋ ಮನಿಗೆ... ನೀ ಯಾಕ ಬರಲಿಲ್ಲೋ ನನ್ನಪ್ಪಾ..."

ಅವರೆದುರು ಅಳಬೇಡಿ ಎಂದು ಕಲಿಸಿದ್ದರು. ನಾನು ಅತ್ತೆ. ಈರಣ್ಣನನ್ನು ನೋಡದವಳು ಈರಣ್ಣನ ಹೆಸರು ಹಿಡಿದು ಅತ್ತೆ. ದೊಡ್ಡಪ್ಪನಿಗಾಗಿಯೂ ಇರಬೇಕು, ನಮ್ಮ ಮನೆಯಲ್ಲಿ ಅವರಿಗಾಗಿ ಯಾರೂ ದನಿ ತೆಗೆದು ಅತ್ತದ್ದಿಲ್ಲ.

ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಬಾಗಿಲ ಹೊರಗೆ ಹೆಂಗಸರು ಬಂದು ಸೇರಿದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಶಾಂತವ್ವನ ಮುಖವನ್ನೇ ನೋಡುತ್ತಿದ್ದರು. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ತೊಳೆದ ಸೀರೆ ಎದೆಗೆ ಅವುಚಿಕೊಂಡು. ಅತ್ತೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಬರ್ರಿ ಒಳಗ" ಅಂದಳು. "ನಮ್ಮ ಅತ್ತೀನ್ನ ಮಾತಾಡಿಸ್ರಿ."

ಹೊಸ್ತಿಲು ದಾಟಿ ಹೊಳೆಯೇ ಬಂತು. ಹೆಂಗಸರು ಅಜ್ಜಿಯ ಕೊರಳಿಗೆ ಬಿದ್ದು, ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಎತ್ತಿಕೊಂಡು ಅತ್ತರು. ಯಾರದೋ ಮನೆಯಿಂದ ರೊಟ್ಟಿಯ ಬುತ್ತಿ ಬಂತು. ಒಲೆ ಆರಿಸಿದರು. ಶಾಂತವ್ವ ಮಾತ್ರ ಅಳಲಿಲ್ಲ. ಒಲೆಯ ಪಕ್ಕದ ಬಟ್ಟಲನ್ನು ಎತ್ತಿ ಮೇಲೆ ಗೂಡಿನಲ್ಲಿ ಇಟ್ಟಳು. ಅದರೊಳಗಿನ ಚಹಾ ಚೆಲ್ಲಲಿಲ್ಲ.

ಗಾಡಿ ಹಾರ್ನ್ ಹೊಡೆಯುತ್ತಿತ್ತು. ರೇಣವ್ವ ಬಾಗಿಲಿಗೆ ಬಂದು, ಒಳಗಿನದನ್ನು ನೋಡಿ ಹಿಂದಕ್ಕೆ ಹೋದಳು. ನಾನು ಎದ್ದೆ. ಏನೂ ಅನ್ನಲಿಲ್ಲ. ಈ ಸಲ ಯಾರೂ "ಅನ್ರಿ" ಎನ್ನಲಿಲ್ಲ.

ನಾನು ಮಾಡಿದ್ದು ಉಪಕಾರವೋ ಅಪಚಾರವೋ ನನಗೆ ಈಗಲೂ ಗೊತ್ತಿಲ್ಲ. ನಾನು ಬಾಯಿ ಮುಚ್ಚಿದ್ದರಿಂದ ಒಬ್ಬ ತಾಯಿಗೆ ಅಳು ಸಿಕ್ಕಿತು. ಒಬ್ಬ ಹೆಂಡತಿಯ ಮನೆ ಸಾವಿನ ಮನೆಯಾಯಿತು. ಓಣಿಯಲ್ಲಿ ಅರ್ಧ ದೂರ ಬಂದಿರಬೇಕು, ಹಿಂದೆ ಬಳೆಯ ಸದ್ದು ಕೇಳಿತು. ಹಿಂದಕ್ಕೆ ತಿರುಗಿ ನೋಡಬಾರದು ಎಂಬುದನ್ನು ಮರೆತು ತಿರುಗಿದೆ. ಶಾಂತವ್ವ ಬರಿಗಾಲಲ್ಲಿ ಬಂದಿದ್ದಳು. ಬೈಯುತ್ತಾಳೆ, ಬೈಯಲಿ ಎಂದು ನಿಂತೆ.

ಅವಳು ಒಮ್ಮೆ ಮನೆಯ ಕಡೆ ನೋಡಿ, ದನಿ ತಗ್ಗಿಸಿದಳು.

"ಮನಿ ಒಳಗ ಅನ್ನಬ್ಯಾಡ್ರಿ ಅಕ್ಕಾರ. ಅತ್ತಿ ಅಳಲಿ. ಇಲ್ಲಿ ಅನ್ರಿ. ಇದು ಹಾದಿ. ನನಗೊಬ್ಬಾಕಿಗೆ ಕೇಳೂವಷ್ಟ ಅನ್ರಿ."

ನನ್ನ ಪುಸ್ತಕದ ಕನ್ನಡ ಗಂಟಲಿಗೆ ಬರಲಿಲ್ಲ. ಅವಳದೇ ಮಾತು ಬಂತು.

"ಬರ್ತೇನಿ, ಶಾಂತವ್ವ" ಅಂದೆ.

ಅವಳು ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರೂ ಹಿಂಗ ಅಂದಿದ್ರು" ಅಂದಳು.